ಕೆಂಪು ಗುರುತಿನ ನಲ್ಲಿ

"ಐಸ್ ಸುರಿ ಫ್ಲಾಯ್ಡ್! ಬೇಗ ತಣಿಯದಿದ್ರೆ ಬಿಯರ್ ಹುಳಿಯಾಗ್ತದೆ," ಎಂದು ಗೆಳೆಯ ಜುವಾಕಿಂ ಕೂಗಿದ.

"ಜರ್ಮನ್ ಕ್ರಮದಲ್ಲಿ ಕುದಿಸಿದ ಬಾರ್ಲಿ ರಸಕ್ಕೆ ಮತ್ತೇನೂ ಬೀಳಬಾರದು."

"ಹಾಗಾದ್ರೆ ಜರ್ಮನಿಯ ಚಳಿಯನ್ನೂ ತರಿಸು ಮಾರಾಯ!"

ರಸವನ್ನು ತಣಿಸಲು ಪಾತ್ರೆಯೊಳಗಿನ ತಾಮ್ರದ ಸುರುಳಿಯಲ್ಲಿ ಹರಿಯುತ್ತಿದ್ದ ನೀರೇ ದುಬೈಯ ಆಗಸ್ಟ್ ಬಿಸಿಲಿಗೆ ತಾರಸಿಯ ಟ್ಯಾಂಕಿನಲ್ಲಿ ಕಾದಿತ್ತು. ಹುಳಿಯಾದ ಹಿಂದಿನ ಬಿಯರನ್ನು ಸಿಂಕಿಗೆ ಸುರಿದವಳು ಫ್ಲಾಯ್ಡ್‌ನ ಹೆಂಡತಿ ಡೆಲ್ಫಿನ್. ಇದನ್ನಂತೂ ಸುರಿಯುವುದಿಲ್ಲವೆಂದು ಅವಳು ಸುರುಳಿಯ ಪೈಪನ್ನು ಕಿತ್ತು ಕೆಂಪು ಗುರುತಿನ ನಲ್ಲಿಗೆ ಸಿಕ್ಕಿಸಿದಳು.

"ಅದು ಬಿಸಿನೀರಿಂದು ಮಾರಾಯ್ತಿ!" ಎಂದ ಫ್ಲಾಯ್ಡ್.

"ಗೀಸರ್ ಆಫ್ ಮಾಡಿ ತಿಂಗಳಾಯ್ತು. ಅದು ಮನೆಯೊಳಗಿರೋದ್ರಿಂದ ಅದರ ನೀರು ಏಸಿಗೆ ತಣ್ಣಗಿದೆ. ದಿನಾ ಮೀಯುವಾಗ ಗೊತ್ತಾಗ್ಲಿಲ್ವಾ?"

ಫ್ಲಾಯ್ಡ್ ಪೈಪನ್ನು ಮುಟ್ಟಿ ನೋಡಿದ; ತಣ್ಣಗಿತ್ತು. ಅವನು ಎಂದೂ ಯಾರಿಗೂ ಬಿಟ್ಟುಕೊಡದ, ರಸ ಕಲಕುವ ಸೌಟಿಗಾಗಿ ಡೆಲ್ಫಿನ್ ಕೈ ಚಾಚಿದಳು.