ಕಚೇರಿಯ ಕೌದಿ

“ಒಂದನೇ ಸಲ... ಎರಡನೇ ಸಲ...” ತಾಲೂಕು ಅಧ್ಯಕ್ಷ ಬಾಳೇಶ ಮೈಕಿನಲ್ಲಿ ಮೂರನೆಯದನ್ನು ಕೂಗುವ ಮೊದಲೇ ರುಕ್ಮಾ ವೇದಿಕೆ ಹತ್ತಿ ಕೌದಿಯ ಅಂಚು ಹಿಡಿದಳು. ಚುನಾವಣಾ ನಿಧಿಗೆಂದು ಅವನು ಹರಾಜಿಗಿಟ್ಟಿದ್ದು ಪಕ್ಷದ ಹಳಿಯಾಳ ಕಚೇರಿಯ ಕೌದಿ. ಕಚೇರಿ ಶುರುವಾದ ವರ್ಷ ಕಾರ್ಯಕರ್ತರ ಮನೆಮನೆಯಿಂದ ಒಂದೊಂದು ಹಳೇ ಬಟ್ಟೆ ತಂದು, ಸಿದ್ದಿ ಹೆಂಗಸರೊಡನೆ ಕೂತು ರುಕ್ಮಾಳೇ ಹೊಲಿದದ್ದು. ಮುಂದಿನ ಸಾಲಿನಲ್ಲಿದ್ದ ರೆಸಾರ್ಟ್ ಮಾಲೀಕ ಆಗಲೇ ಚೆಕ್ ಬುಕ್ ತೆಗೆದಿದ್ದ.

“ಭಾಷಣದಾಗ ದಿನಾ ಸಂಸ್ಕೃತಿ ಅಂತೀರಿ. ಮಂದಿ ಮನಿ ಅರಿವಿ ಮಾರಾಕ ನಿಮಗ ಯಾರು ಹೇಳ್ಯಾರ್ರೀ?” ಎಂದಳು.

“ಪಕ್ಷಕ್ಕ ರೊಕ್ಕ ಬೇಕಲ್ಲ ರುಕ್ಮಕ್ಕಾ. ಹೊಸಾದು ಹೊಲಿಸೂಣಂತ,” ಬಾಳೇಶ ನಕ್ಕ.

ಹಿಂದಿನ ಸಾಲಿನಿಂದ ಮುದಕವ್ವ ಎದ್ದು ಬಂದು, ತನ್ನ ಮದುವೆ ಸೀರೆಯ ಹಸಿರು ತುಂಡಿನ ಮೇಲೆ ಕೈಯಿಟ್ಟಳು. ಶಂಕ್ರಪ್ಪ ತನ್ನ ಧೋತರದ ತುಂಡು ಹುಡುಕಿ ಹಿಡಿದ. ಆಮೇಲೆ ಕುರ್ಚಿಗಳು ಒಂದರ ಹಿಂದೊಂದು ಖಾಲಿಯಾದವು. ಘೋಷಣೆಯಿಲ್ಲ, ಬೈಗುಳವಿಲ್ಲ. ಇಷ್ಟು ವರ್ಷ ಜಮಖಾನೆ ಹಾಸಿ ಬಾವುಟ ಕಟ್ಟಿದ ಕೈಗಳೆಲ್ಲ ಸೇರಿ ಮೇಲೆತ್ತಿದಾಗ ಕೌದಿ ಚಪ್ಪರದಂತೆ ಹರಡಿ ನಿಂತಿತು. ರೆಸಾರ್ಟ್ ಮಾಲೀಕ ತನಗೇ ತಿಳಿಯದಂತೆ ಎದ್ದು ನಿಂತಿದ್ದ.

ಒಂದು ಮೂಲೆ ಮಾತ್ರ ಕೆಳಗೆ ಜೋತಿತ್ತು. ಅಲ್ಲಿದ್ದದ್ದು ಗುಲಾಬಿ ರುಮಾಲಿನ ತುಂಡು.

“ಅದು ನಿಮ್ಮ ಅಪ್ಪಾರ್ದು ರೀ,” ಬಾಳೇಶನತ್ತ ತಿರುಗಿ ಎಂದಳು ರುಕ್ಮಾ. “ಸೈಕಲ್ ಮ್ಯಾಲ ಊರೂರು ತಿರಗಿ ಪಕ್ಷ ಕಟ್ಟಿದವರು. ಹಿಡ್ಯಾಕ ಅವರು ಈಗ ಇಲ್ಲ.”

ಬಾಳೇಶ ಮೈಕು ಕೆಳಗಿಟ್ಟ. ಚಪ್ಪಲಿ ಬಿಟ್ಟು ಹೋಗಿ, ಆ ಮೂಲೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದ.