ಕೊನೆಯ ‘ಸ್’

"ಪದದ ಕೊನೆಯ ‘ಸ್’ ನುಂಗಬೇಡ ಮಾರಾಯ, ನಮ್ಮ ಸ್ಪ್ಯಾನಿಷ್ ರಾಕ್ ಹತ್ತು ದೇಶಕ್ಕೆ ಅರ್ಥವಾಗಬೇಕು!" ಎಂದು ಗಿಟಾರ್ ನುಡಿಸುವ ಎವಾರಿಸ್ತೊ ಗದರಿದಾಗಲೆಲ್ಲ ಗಾಯಕ ಲಿಸಾಂದ್ರೊ ನಗುತ್ತಿದ್ದ. "ನಾವು ಬಂದರಿನವರು ಹುಟ್ಟು ನುಂಗಣ್ಣರು ಕಣೋ!"

ಅವರ ಆಲ್ಬಮ್‌ಗೆ ಒಂದೇ ಹಾಡು ಬಾಕಿಯಿರುವಾಗ ಲಿಸಾಂದ್ರೊ ಆಸ್ಪತ್ರೆ ಸೇರಿದ. "ನಾನಿಲ್ಲದಿದ್ರೂ ಆಲ್ಬಮ್ ಬರಲೇಬೇಕು," ಎಂದು ಗೆಳೆಯನ ಕೈ ಹಿಡಿದುಕೊಂಡೇ ತೀರಿಕೊಂಡ. ಆ ಹಾಡಿಲ್ಲದೆ ಬಿಡುಗಡೆಯಿಲ್ಲ ಎಂದಿತು ರೆಕಾರ್ಡಿಂಗ್ ಕಂಪನಿ. ಬೇರೆ ದಾರಿ ಕಾಣದ ಎವಾರಿಸ್ತೊ ಸ್ಟುಡಿಯೋ ಬಾಗಿಲು ಹಾಕಿಕೊಂಡು, ಅಳು ತಡೆದು, ಗೆಳೆಯನ ದನಿಯಲ್ಲೇ ಹಾಡಿದ. ಹಳೆಯ ಟೇಪು ಸಿಕ್ಕಿತೆಂದು ಸುಳ್ಳು ಹೇಳಿದ, ಎಲ್ಲರೂ ನಂಬಿದರು.

ಆಲ್ಬಮ್ ದೇಶದೇಶಗಳಲ್ಲಿ ಮೊಳಗಿತು. ಲಿಸಾಂದ್ರೊನ ತಾಯಿ ಆ ಹಾಡನ್ನು ಕಣ್ಮುಚ್ಚಿ ಕೇಳಿದಳು. ಎವಾರಿಸ್ತೊ ಎದುರಿಗೆ ಉಸಿರು ಬಿಗಿಹಿಡಿದು ಕೂತಿದ್ದ. ಹಾಡು ಮುಗಿದ ಮೇಲೆ ಅವಳು ಅವನ ತಲೆ ಸವರಿದಳು.

"ಚೆನ್ನಾಗಿ ಹಾಡಿದ್ದೀಯಪ್ಪ," ಎಂದಳು. "ಒಂದು ‘ಸ್’ ಕೂಡ ನುಂಗಿಲ್ಲ."