ಹದಿನಾರು ಬೀಜ

"ಅವ್ವ, ಇಲ್ಲೊಂದು ಸಹಿ ಹಾಕು." ಮೇಘಾ ಅರ್ಜಿಯನ್ನು ತಾಯಿಯ ಮುಂದೆ ಹಿಡಿದಳು. ಸೈನ್ಸ್ ಬಿಟ್ಟು ಆರ್ಟ್ಸ್ ಸೇರುವ ಅರ್ಜಿ. ಕಾಲೇಜಿಗೆ ಕೊಡಲು ನಾಳೆಯೇ ಕೊನೆ.

ಪುಷ್ಪಾವತಿ ತಲೆ ಎತ್ತಲಿಲ್ಲ. ಅವಳ ಮುಂದೆ ತಾಡಪತ್ರಿಯ ಮೇಲೆ ಒಣಮೆಣಸಿನಕಾಯಿಯ ರಾಶಿ. ಸಂಜೆಯೊಳಗೆ ತೊಟ್ಟು ಬಿಡಿಸಿ ಮುಗಿಸಬೇಕು. "ಕೈ ಖಾರ ಆಗ್ಯಾವು, ಕಾಗದ ಕೆಡತೈತಿ. ಇದು ಮುಗೀಲಿ, ಕೈ ತೊಳಕೊಂಡು ಹಾಕ್ತೇನಿ. ಅಲ್ಲೀಮಟ ಕುಂತು ಹೇಳು. ಆರ್ಟ್ಸ್ ಬೇಕಂತ ಹೊಂಟೀಯೋ, ಸೈನ್ಸಿಗೆ ಅಂಜಿ ಹೊಂಟೀಯೋ?"

"ಅಂಜಿ," ಎಂದಳು ಮೇಘಾ. "ಕೆಮಿಸ್ಟ್ರಿ ಟೆಸ್ಟಿನ್ಯಾಗ ಮೂರನೇ ಸಲ ಸೊನ್ನಿ. ಲೂಯಿಸ್ ರಚನೆ ಅಂತ. ಪರಮಾಣುವಿನ ಸುತ್ತ ಎಲೆಕ್ಟ್ರಾನಿಗೆ ಚುಕ್ಕಿ ಇಡೂದು. ನನ್ನ ತಲಿಗೆ ಹತ್ತಂಗಿಲ್ಲ."

"ಚುಕ್ಕಿ ಬಿಡು. ಈ ಬೀಜ ಇಟ್ಟು ತೋರ್ಸು ನನಗ."

ತೊಟ್ಟು ಕೀಳುವಾಗ ಉದುರಿದ ಬೀಜ ತಾಡಪತ್ರಿಯ ಮೂಲೆಯಲ್ಲಿತ್ತು. ಮೇಘಾ ಬೇಸರದಿಂದಲೇ ಅರ್ಜಿಯನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ನಡುವೆ ಕಾರ್ಬನ್, ಆಚೀಚೆ ಎರಡು ಆಕ್ಸಿಜನ್ ಬರೆದಳು. "ಕಾರ್ಬನ್ನಿನ ಹಂತೇಕ ನಾಕು ಬೀಜ. ಒಂದೊಂದು ಆಕ್ಸಿಜನ್ನಿಗೆ ಆರಾರು. ಕಡೀಕ ಎಲ್ಲಾರಿಗೂ ಎಂಟೆಂಟು ಆಗಬೇಕು." ಜೋಡಿ ಜೋಡಿಯಾಗಿ ಇಡುತ್ತ ಹೋದಳು. "ನೋಡು, ಎಂಟು, ಎಂಟು, ಎಂಟು. ಆದ್ರೂ ಸರ್ ತಪ್ಪು ಹಾಕ್ತಾರ."

ಪುಷ್ಪಾವತಿ ಕಣ್ಣಲ್ಲೇ ಎಣಿಸಿದಳು. "ನಾಕು, ಆರು, ಆರು... ಹದಿನಾರಾತು. ಇಲ್ಲಿ ಇಪ್ಪತ್ನಾಕದಾವಲ್ಲ?"

"ಕಡಿಮಿ ಬಿದ್ವು. ಮೂಲ್ಯಾಗಿನ್ವು ಎಂಟು ತಗೊಂಡೆ."

"ಹೊರಗಿಂದ ತಂದು ತುಂಬಾಕ ಯಾರಿಗರೆ ಬರತೈತಿ. ಇದ್ದಿದ್ರಾಗ ತುಂಬ್ಸು."

"ಮೂರು ಮಂದಿಗೆ ಎಂಟೆಂಟಂದ್ರ ಇಪ್ಪತ್ನಾಕು ಬೇಕವ್ವ! ಹದಿನಾರರಾಗ ಹೆಂಗ?"

ಪುಷ್ಪಾವತಿ ತಾನು ಬೆನ್ನು ಆನಿಸಿದ್ದ ಗೋಡೆಗೆ ಮೊಣಕೈಯಿಂದ ಗುದ್ದಿದಳು. "ಏನ್ರಿ ಅಕ್ಕಾ?" ಎಂದು ಆಚೆ ಮನೆಯ ನಸ್ರೀನ್ ಕೂಗಿದಳು. "ಏನಿಲ್ರಿ, ಅಭ್ಯಾಸ ನಡದೈತಿ!" ಎಂದು ಇವಳೂ ಕೂಗಿ, ಮಗಳ ಕಡೆ ತಿರುಗಿದಳು. "ಈ ಖೋಲಿಗೆ ಗ್ವಾಡಿ ಎಷ್ಟು?"

"ನಾಕು."

"ನಸ್ರೀನ್ ಖೋಲಿಗೆ?"

"ನಾಕು."

"ಎರಡೂ ಕೂಡಿ ಕಟ್ಟಿದ್ದೆಷ್ಟು?"

ಎಂಟು ಎನ್ನಲು ಬಾಯಿ ತೆರೆದ ಮೇಘಾ ಅಮ್ಮನ ಬೆನ್ನ ಹಿಂದಿನ ಗೋಡೆ ನೋಡಿದಳು. "ಏಳು," ಎಂದಳು ಮೆಲ್ಲಗೆ. ಕಾರ್ಬನ್ನಿನ ತಲೆ ಮೇಲಿನ ಎರಡು, ಕೆಳಗಿನ ಎರಡು, ಒಂದೊಂದು ಆಕ್ಸಿಜನ್ನಿನಿಂದಲೂ ಎರಡೆರಡು ಬೀಜ ಹೆಕ್ಕಿ ಮೂಲೆಗೆ ಹಾಕಿದಳು. ಉಳಿದದ್ದರಲ್ಲಿ ಒಂದೊಂದು ಆಕ್ಸಿಜನ್ನಿನ ಒಂದೊಂದು ಜೋಡಿಯನ್ನು ಬೆರಳ ತುದಿಯಿಂದ ಕಾರ್ಬನ್ನಿನ ಕಡೆ, ನಡುವಿಗೆ ಸರಿಸಿದಳು. ಆ ಕಡೆಯಿಂದ ಎಣಿಸಿದಳು, ಎಂಟು. ಈ ಕಡೆಯಿಂದ, ಎಂಟು. ಕಾರ್ಬನ್ನಿನದು, ಎಂಟು. ಒಟ್ಟು ಹದಿನಾರು. "ಅವ್ವಾ, ನಡುವಿನ್ವು ಇಬ್ಬರಿಗೂ ಲೆಕ್ಕಕ್ಕ ಬರ್ತಾವು! ಅದಕ್ಕ ಪುಸ್ತಕದಾಗ ಅಲ್ಲಿ ಎರಡೆರಡು ಗೆರಿ ಹಾಕ್ತಾರ!"

ಪುಷ್ಪಾವತಿಗೆ ಗೆರೆಯ ವಿಚಾರ ತಿಳಿಯಲಿಲ್ಲ. ತೊಟ್ಟು ಕೀಳುವ ಕೈಯನ್ನು ಮಾತ್ರ ಇನ್ನಷ್ಟು ನಿಧಾನ ಮಾಡಿದಳು.

ಎಷ್ಟು ನಿಧಾನ ಮಾಡಿದರೂ ರಾಶಿ ಕರಗಿತು. ಅವಳು ಎದ್ದು ಕೈ ತೊಳೆದಳು, ಸೆರಗಿಗೆ ಒರೆಸಿಕೊಂಡಳು, ಪೆನ್ನು ಹಿಡಿದು ಬಂದು ನಿಂತಳು. "ತಾ ಇಲ್ಲೆ, ಎಲ್ಲಿ ಹಾಕೂದು ಸಹಿ?"

ಮುಂದಿನ ಲೆಕ್ಕಕ್ಕೆ ಬೀಜ ಜೋಡಿಸುತ್ತಿದ್ದ ಮೇಘಾ ತಲೆ ಎತ್ತದೆ ಕಾಗದಕ್ಕೆ ಅಂಗೈ ಅಡ್ಡ ಹಿಡಿದಳು.

"ಅಳ್ಳಾಡಸಬ್ಯಾಡವ್ವ. ಅದರ ಮ್ಯಾಲೆ ಇನ್ನೂ ನೈಟ್ರೋಜನ್ ಕುಂತೈತಿ."